ಎಳೆಯ ಡಿಫೆನ್ಸ್‌ಮನ್‌ನನ್ನು ಬೆಳೆಸುವ ಬಗೆ: ಡೆಟ್ರಾಯ್ಟ್ ತಂಡದವರು ಕಾದದ್ದು ಸರಿಯೇ?

ನೋವಿ ನಿವಾಸಿ:

ಐಸ್ ಹಾಕಿಯ ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡದವರು 2025ರ ಅಕ್ಟೋಬರಿನಲ್ಲಿ ಆಕ್ಸೆಲ್ ಸಾಂಡಿನ್ ಪೆಲಿಕ್ಕಾ ಎಂಬ ಇಪ್ಪತ್ತರ ಹರೆಯದ ಸ್ವೀಡನ್ನಿನ ಡಿಫೆನ್ಸ್‌ಮನ್‌ನನ್ನು (ರಕ್ಷಣೆಯ ಆಟಗಾರನನ್ನು) ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಅತ್ಯುನ್ನತ ಲೀಗ್) ತಂಡದಲ್ಲೇ ಇಟ್ಟುಕೊಂಡು 2025–26ರ ಋತುವನ್ನು ಆರಂಭಿಸಿದರು. 2023ರ ಡ್ರಾಫ್ಟ್‌ನಲ್ಲಿ, ಎಂದರೆ ತಂಡಗಳು ಸರದಿಯಂತೆ ಎಳೆಯರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, 17ನೆಯವನಾಗಿ ಆಯ್ಕೆಯಾದ ಈತ ಆ ಮೇಲೂ ಶೆಲೆಫ್ಟೆಯೋ ತಂಡದಲ್ಲೇ ಉಳಿದು ಹಿರಿಯರ ಲೀಗಿನಲ್ಲಿ ಆಡಿ ಬಂದವನು. ಗ್ರ್ಯಾಂಡ್ ರ‍್ಯಾಪಿಡ್ಸ್ ಗ್ರಿಫಿನ್ಸ್ ಪರವಾಗಿ, ಎಂದರೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್ ಲೀಗಿನ ಡೆಟ್ರಾಯ್ಟ್ ಅಧೀನ ತಂಡದಲ್ಲಿ, ಅವನು ಅದಕ್ಕೆ ಮುಂಚೆ ಆಡಿದ್ದು ಕೆಲವೇ ಪಂದ್ಯಗಳು. ಇದೇ ತಂಡದವರು 2021ರಲ್ಲಿ 6ನೆಯವನಾಗಿ ಆರಿಸಿದ ಸಿಮೋನ್ ಎಡ್ವಿನ್ಸನ್‌ನನ್ನು ಹೆಚ್ಚುಕಡಿಮೆ ಎರಡು ಋತು ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿಯೇ ಇರಿಸಿದ್ದರು. ಅದಕ್ಕೂ ಮುಂಚೆ, 2019ರಲ್ಲಿ 6ನೆಯವನಾಗಿ ಬಂದ ಜರ್ಮನಿಯ ಮೊರಿಟ್ಸ್ ಸೈಡರ್ ಒಂದು ವರ್ಷ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿಯೂ ಮತ್ತೊಂದು ವರ್ಷ ಸ್ವೀಡನ್ನಿನ ರೋಗ್ಲೆ ತಂಡದಲ್ಲಿಯೂ ಕಳೆದು, 2021ರ ಅಕ್ಟೋಬರಿನಲ್ಲಷ್ಟೇ ಡೆಟ್ರಾಯ್ಟ್ ಅಂಗಿ ತೊಟ್ಟ. ಮೂವರಿಗೂ ಜನರಲ್ ಮ್ಯಾನೇಜರ್ ಒಬ್ಬರೇ, ಸ್ಟೀವ್ ಐಸರ್‌ಮನ್.

ಹಾಗಾದರೆ ತಂಡದವರು ತಾಳ್ಮೆ ಕಳೆದುಕೊಂಡರೇ, ಅಥವಾ ಮೊದಲಿನಿಂದಲೂ ಅವರು ನೋಡುತ್ತಿದ್ದುದು ಬೇರೆಯೇ ಏನನ್ನಾದರೂ ಇರಬಹುದೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ವರ್ಷ ಕಾಯಿಸಿದರು ಎಂಬ ಲೆಕ್ಕಕ್ಕಿಂತ, ಕಾಯಿಸಿದಷ್ಟು ಕಾಲ ಆ ಹುಡುಗನ ಕೈಗೆ ಯಾವ ಕೆಲಸ ಕೊಟ್ಟರು, ಪಕ್ಕದಲ್ಲಿ ಯಾರನ್ನು ನಿಲ್ಲಿಸಿದರು ಎಂಬುದೇ ಮುಖ್ಯ. ಫಾರ್ವರ್ಡ್ ಆಟಗಾರನನ್ನು ನಾಲ್ಕನೇ ಸಾಲಿನಲ್ಲಿ ಹತ್ತು ನಿಮಿಷ ಆಡಿಸಿ, ಅವನ ತಪ್ಪುಗಳನ್ನು ಹಿಂದಿರುವವರಿಂದ ಮುಚ್ಚಿಸಬಹುದು. ಡಿಫೆನ್ಸ್‌ಮನ್‌ನ ತಪ್ಪಿನ ಹಿಂದೆ ಗೋಲಿ (ಗೋಲ್‌ಕೀಪರ್) ಮಾತ್ರ ಇರುತ್ತಾನೆ. ಈ ಸ್ಥಾನದವರು ಪಕ್ವವಾಗಲು ಹೆಚ್ಚು ಕಾಲ ಹಿಡಿಯುವುದಕ್ಕೆ ಇದೇ ಕಾರಣವೆಂದು ನಾನು ತಿಳಿದಿದ್ದೇನೆ. ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಹಳೇ ರೆಕ್ಕೆ:

ನೋವಿಯವರೇ, ಜೊತೆಗಾರನ ವಿಚಾರ ಎತ್ತಿದಿರಿ, ಒಳ್ಳೆಯದಾಯಿತು. ನಿಕ್ಲಾಸ್ ಲಿಡ್‌ಸ್ಟ್ರೋಮ್ ಬಗ್ಗೆ ಮಾತನಾಡುವವರೆಲ್ಲ ಅವನ ಏಳು ನಾರಿಸ್ ಟ್ರೋಫಿಗಳನ್ನು (ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್ ಪ್ರಶಸ್ತಿ) ಎಣಿಸುತ್ತಾರೆ. ಅವನು ಬಂದ ದಾರಿಯನ್ನು ಯಾರೂ ನೆನೆಯುವುದಿಲ್ಲ. 1989ರ ಡ್ರಾಫ್ಟ್‌ನಲ್ಲಿ 53ನೆಯವನಾಗಿ, ಮೂರನೇ ಸುತ್ತಿನಲ್ಲಿ ಆಯ್ಕೆಯಾದ ಅವನನ್ನು ಡೆಟ್ರಾಯ್ಟ್‌ನವರು ಅವಸರಪಟ್ಟು ಕರೆಸಲಿಲ್ಲ. ಅವನು ಸ್ವೀಡನ್ನಿನ ವೆಸ್ತೆರೋಸ್ ತಂಡದಲ್ಲೇ ಮತ್ತೆರಡು ಋತು ಆಡಿ, 1991ರಲ್ಲಿ, ಇಪ್ಪತ್ತೊಂದು ತುಂಬಿದ ಮೇಲೆ ಬಂದ. ಬಂದ ವರ್ಷವೇ 60 ಅಂಕ (ಗೋಲು ಮತ್ತು ಗೋಲಿಗೆ ನೆರವಾದ ಅಸಿಸ್ಟ್ ಎರಡೂ ಸೇರಿ) ಗಳಿಸಿ, ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿಯ ಮತದಾನದಲ್ಲಿ ಪಾವೆಲ್ ಬುರೆಯ ಹಿಂದೆ ಎರಡನೆಯವನಾದ.

ಆ ಮೊದಲ ವರ್ಷ ಅವನ ಪಕ್ಕದಲ್ಲಿ ನಿಂತವನು ಬ್ರಾಡ್ ಮಕ್ರಿಮನ್. ಗೋಲು ಹೊಡೆಯುವ ಹಂಬಲವಿಲ್ಲದೆ ತನ್ನ ಗೋಲಿನ ಮುಂದಿನ ಜಾಗವನ್ನು ಕಾಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ಹಿರಿಯ ಆಟಗಾರ. ಇದೇ ಮಕ್ರಿಮನ್ ಮುಂದೆ ಹಾರ್ಟ್‌ಫರ್ಡ್‌ಗೆ ಹೋದಾಗ ಅಲ್ಲಿ ಹದಿನೆಂಟು–ಹತ್ತೊಂಬತ್ತರ ಕ್ರಿಸ್ ಪ್ರಾಂಗರ್‌ಗೂ ಜೊತೆಯಾದ. ಇಬ್ಬರು ಎಳೆಯರು, ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದವರು, ಇಬ್ಬರಿಗೂ ಆರಂಭದ ವರ್ಷದಲ್ಲಿ ಒಬ್ಬನೇ ಜೊತೆಗಾರ. ಇದನ್ನು ಕಾಕತಾಳೀಯವೆಂದು ನಾನಂತೂ ಹೇಳಲಾರೆ. ಎಳೆಯನು ಎದುರಾಳಿಗಳ ವಲಯದ ನೀಲಿಗೆರೆ ದಾಟಿ ಮುನ್ನುಗ್ಗಿದಾಗ ಹಿಂದೆ ಉಳಿಯುವವನೊಬ್ಬ ಇದ್ದಾನೆಂಬ ಭರವಸೆ ಇರದಿದ್ದರೆ, ಅವನು ಕೆಲವೇ ತಿಂಗಳಲ್ಲಿ ಮುನ್ನುಗ್ಗುವುದನ್ನೇ ಬಿಡುತ್ತಾನೆ. ಆಮೇಲೆ ಯಾವ ಕೋಚ್ ಹೇಳಿದರೂ ಆ ಧೈರ್ಯ ಮರಳುವುದು ಕಷ್ಟ.

ಬಸವನಗುಡಿ ಬ್ಯಾಟು:

ನಾನು ಬೆಂಗಳೂರಿನಲ್ಲಿ ಕುಳಿತು ಈ ಆಟವನ್ನು ಇತ್ತೀಚೆಗೆ ನೋಡಲು ತೊಡಗಿದವನು, ಆದ್ದರಿಂದ ನನ್ನ ಪ್ರಶ್ನೆ ಬಾಲಿಶವೆನಿಸಿದರೆ ಹಿರಿಯರು ಕ್ಷಮಿಸಬೇಕು. ಎಎಚ್‌ಎಲ್ ಎಂದರೆ ನಮ್ಮ ರಣಜಿ ಇದ್ದ ಹಾಗೆ ಎಂದುಕೊಳ್ಳಬಹುದೇ? ರಾಹುಲ್ ದ್ರಾವಿಡ್ 1991ರಲ್ಲಿ ಕರ್ನಾಟಕಕ್ಕೆ ಆಡಲು ತೊಡಗಿ, ಟೆಸ್ಟ್ ಟೋಪಿ ಧರಿಸಿದ್ದು 1996ರಲ್ಲಿ, ಲಾರ್ಡ್ಸ್‌ನಲ್ಲಿ. ಆ ಐದು ವರ್ಷ ವ್ಯರ್ಥವಾಯಿತೆಂದು ಇಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಎಡ್ವಿನ್ಸನ್ ಎರಡು ವರ್ಷ ಕಾದದ್ದಕ್ಕೆ ಇಷ್ಟೊಂದು ಚರ್ಚೆ ಏಕೆ?

ಲೆಕ್ಕದ ಮೇಷ್ಟ್ರು:

ಹೋಲಿಕೆ ಸ್ವಲ್ಪ ದೂರದವರೆಗೆ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಕರ್ನಾಟಕ ತಂಡವು ಭಾರತ ತಂಡದ ಕೈಕೆಳಗಿನದಲ್ಲ. ತಾನೇ ರಣಜಿ ಗೆಲ್ಲುವುದಕ್ಕಾಗಿ ಆಡುತ್ತದೆ. ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಡೆಟ್ರಾಯ್ಟ್‌ನ ಎಳೆಯರನ್ನು ಯಾರ ಜೊತೆ ಆಡಿಸಬೇಕು, ಪವರ್ ಪ್ಲೇಯಲ್ಲಿ (ಎದುರಾಳಿಗಳಲ್ಲೊಬ್ಬ ಶಿಕ್ಷೆಯಿಂದ ಹೊರಗಿರುವಾಗ) ಇಳಿಸಬೇಕೇ ಬೇಡವೇ, ಯಾವ ಪದ್ಧತಿಯಲ್ಲಿ ಪಕ್ (ಆಟದ ಚಪ್ಪಟೆ ಬಿಲ್ಲೆ) ತಮ್ಮ ವಲಯದಿಂದ ಹೊರತರಬೇಕು ಎಂಬುದೆಲ್ಲ ಡೆಟ್ರಾಯ್ಟ್‌ನವರ ಮಾತಿನಂತೆಯೇ ನಡೆಯುತ್ತದೆ. ಎರಡು ಊರುಗಳ ನಡುವೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ; ಬೆಳಿಗ್ಗೆ ಕರೆ ಬಂದರೆ ಸಂಜೆಗೆ ಆಟಗಾರ ಡೆಟ್ರಾಯ್ಟ್‌ನಲ್ಲಿರಬಹುದು.

ಇನ್ನು ಕಾಯಿಸುವುದರ ಹಿಂದೆ ಆಟವಷ್ಟೇ ಅಲ್ಲ, ಒಪ್ಪಂದದ ಲೆಕ್ಕವೂ ಇದೆ. 18 ಅಥವಾ 19ರ ಆಟಗಾರ ತನ್ನ ಮೊದಲ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ, ಆ ಋತುವಿನಲ್ಲಿ 10ಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿದರೆ, ಆ ವರ್ಷ ಒಪ್ಪಂದದಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಮೂರು ವರ್ಷವೂ ಹಾಗೆಯೇ ಮುಂದಕ್ಕೆ ಸರಿಯುತ್ತದೆ. 2023ರ ಮಾರ್ಚಿನಲ್ಲಿ ಎಡ್ವಿನ್ಸನ್‌ನನ್ನು ಡೆಟ್ರಾಯ್ಟ್‌ಗೆ ಕರೆಸಿದರು. ಅವನು ಆಡಿದ್ದು ಎಷ್ಟು ಪಂದ್ಯ? ಒಂಬತ್ತು. ಹತ್ತನೆಯದಕ್ಕೆ ಮುಂಚೆಯೇ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ವಾಪಸು ಕಳಿಸಿದರು. ಸೈಡರ್ ವಿಷಯದಲ್ಲಿ ಹೀಗೆ ಎರಡು ವರ್ಷ ಸರಿಯಿತು. ಅದರಿಂದಾಗಿ ಅವನ ಮೊದಲ ಒಪ್ಪಂದ ಮುಗಿದದ್ದು 2024ರಲ್ಲಿ. ಆಗ ವರ್ಷಕ್ಕೆ 85.5 ಲಕ್ಷ ಡಾಲರಿನಂತೆ ಏಳು ವರ್ಷಕ್ಕೆ ಬರೆಸಿಕೊಂಡರು. ಅವನು ಹದಿನೆಂಟಕ್ಕೇ ಡೆಟ್ರಾಯ್ಟ್‌ಗೆ ಬಂದಿದ್ದರೆ ಈ ಮಾತುಕತೆ ಎರಡು ವರ್ಷ ಮುಂಚೆಯೇ ನಡೆಯಬೇಕಾಗಿತ್ತು. ಸಾಂಡಿನ್ ಪೆಲಿಕ್ಕಾಗೆ ಈಗಾಗಲೇ 20 ತುಂಬಿರುವುದರಿಂದ ಈ ಅನುಕೂಲ ತಂಡಕ್ಕೆ ಉಳಿದಿಲ್ಲ. ಅವನನ್ನು ಕೆಳಗೆ ಇಡಲು ಹಣದ ಕಾರಣವಿಲ್ಲವಾದ್ದರಿಂದ, ಉಳಿದದ್ದು ಆಟದ ಕಾರಣ ಮಾತ್ರ.

ಇನ್ನೊಂದು ಮಾತು. ಯೂರೋಪಿನಿಂದ ಆಯ್ಕೆಯಾದವರಿಗೆ ಹದಿನೆಂಟರಲ್ಲೇ ಎಎಚ್‌ಎಲ್ ಬಾಗಿಲು ತೆರೆದಿರುತ್ತದೆ, ಸೈಡರ್ ಹೋದದ್ದು ಹಾಗೆಯೇ. ಕೆನಡಾದ ಜೂನಿಯರ್ ಲೀಗುಗಳಿಂದ ಬಂದ ಹುಡುಗರಿಗೆ ಆ ದಾರಿ ಇಷ್ಟು ವರ್ಷವೂ ಮುಚ್ಚಿತ್ತು. ಇಪ್ಪತ್ತಾಗುವವರೆಗೆ ಒಂದೋ ಎನ್‌ಎಚ್‌ಎಲ್, ಇಲ್ಲವೇ ತಮಗಿಂತ ಕಿರಿಯರ ನಡುವೆ ಮರಳಿ ಜೂನಿಯರ್. ಅವಸರದಿಂದ ಕೆಟ್ಟ ಎಷ್ಟೋ ಡಿಫೆನ್ಸ್‌ಮನ್‌ಗಳ ಕಥೆಯ ಬೇರು ಈ ನಿಯಮದಲ್ಲಿದೆ ಎಂಬುದು ನನ್ನ ಅನುಮಾನ.

ಒಟ್ಟಾವ ಕನ್ನಡತಿ:

ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಕಾಯಿಸುವುದನ್ನೇ ಒಂದು ಸದ್ಗುಣವೆಂದು ಹೊಗಳುವ ಈ ಧೋರಣೆಯನ್ನು ನಾನು ಒಪ್ಪಲಾರೆ. ನಮ್ಮ ಒಟ್ಟಾವದಲ್ಲಿ ಎರಿಕ್ ಕಾರ್ಲ್‌ಸನ್ 2009ರಲ್ಲಿ ಬಂದಾಗ ಹತ್ತೊಂಬತ್ತರ ಸಣಕಲು ಹುಡುಗ. ಆರಂಭದಲ್ಲಿ ತಡವರಿಸಿದ, ಎಎಚ್‌ಎಲ್‌ನ ಬಿಂಗ್‌ಹ್ಯಾಮ್ಟನ್‌ಗೆ ಕಳಿಸಿದರು, ಅಲ್ಲಿ 12 ಪಂದ್ಯ ಆಡಿಸಿ ಹಿಂದಕ್ಕೆ ಕರೆಸಿಕೊಂಡರು, ಅಷ್ಟೇ. 2012ರಲ್ಲಿ ಅವನ ಕೈಯಲ್ಲಿ ನಾರಿಸ್ ಟ್ರೋಫಿ ಇತ್ತು. ಮಾಂಟ್ರಿಯಲ್‌ನ ಲೇನ್ ಹಟ್ಸನ್ ಇನ್ನೂ ಹತ್ತಿರದ ಉದಾಹರಣೆ. ಕುಳ್ಳನೆಂಬ ಕಾರಣಕ್ಕೆ 2022ರಲ್ಲಿ 62ನೆಯವನಾಗಿ ಉಳಿದ ಹುಡುಗ, ಬಾಸ್ಟನ್ ವಿಶ್ವವಿದ್ಯಾಲಯದಿಂದ ನೇರವಾಗಿ ಬಂದು, ಎಎಚ್‌ಎಲ್‌ನ ಮುಖವನ್ನೇ ನೋಡದೆ, 2024–25ರಲ್ಲಿ 66 ಅಂಕ ಗಳಿಸಿ ಕಾಲ್ಡರ್ ಟ್ರೋಫಿ ಪಡೆದ. ಅವನ 60 ಅಸಿಸ್ಟ್‌ಗಳು ಹೊಸಬ ಡಿಫೆನ್ಸ್‌ಮನ್‌ಗಳ ಪೈಕಿ ಲ್ಯಾರಿ ಮರ್ಫಿಯ ಹಳೆಯ ದಾಖಲೆಯನ್ನು ಸರಿಗಟ್ಟಿದವು.

ಮತ್ತೊಂದು ಅಪಾಯವನ್ನು ಯಾರೂ ಹೇಳುತ್ತಿಲ್ಲ. ಎಡ್ವಿನ್ಸನ್ ಆರಡಿ ಆರಂಗುಲದ ಆಳು. ಅಂಥವನು ಎಎಚ್‌ಎಲ್‌ನಲ್ಲಿ ಕಾಲು ಆಡಿಸದೆ ಕೋಲನ್ನು ಚಾಚಿಯೇ ಪಕ್ ಕಸಿದುಕೊಳ್ಳಬಹುದು. ಕೆಳಗಿನ ಲೀಗಿನಲ್ಲಿ ಫಲ ಕೊಡುವ ಈ ಸೋಮಾರಿ ಅಭ್ಯಾಸ, ಮೇಲಿನ ಲೀಗಿನ ವೇಗದಲ್ಲಿ ಮೊದಲ ವಾರವೇ ಬಯಲಾಗುತ್ತದೆ. ಎರಡು ವರ್ಷ ಅಲ್ಲಿ ಕೂರಿಸಿದರೆ ಕಲಿಕೆಯಷ್ಟೇ ಆಗುತ್ತದೆ ಎಂಬ ಖಾತರಿ ಎಲ್ಲಿದೆ?

ಗ್ರ್ಯಾಂಡ್ ರ‍್ಯಾಪಿಡ್ಸ್ ಗ್ಯಾಲರಿ:

ಅಕ್ಕ, ನಿಮ್ಮ ಎರಡನೆಯ ಮಾತಿಗೆ ಉತ್ತರ ಕೊಡಬೇಕೆನಿಸಿತು, ಏಕೆಂದರೆ ನಾನು ಗ್ರಿಫಿನ್ಸ್ ಆಡುವ ವ್ಯಾನ್ ಆಂಡೆಲ್ ಅರೀನಾದಲ್ಲಿ ಗೋಲಿನ ಹಿಂಬದಿಯ ಸೀಟುಗಳನ್ನು ಆರಿಸಿ ಕೂರುವವನು. ಟಿವಿಯಲ್ಲಿ ಕಾಣದ ಒಂದು ಕೆಲಸ ಅಲ್ಲಿಂದ ಕಾಣುತ್ತದೆ.

ಎದುರಾಳಿಗಳು ಮಧ್ಯಗೆರೆ ದಾಟಿದೊಡನೆ ಪಕ್ಕನ್ನು ಮೂಲೆಗೆ ಬಡಿಯುತ್ತಾರೆ. ಡಿಫೆನ್ಸ್‌ಮನ್ ತನ್ನ ಗೋಲಿನ ಕಡೆಗೆ, ಎಂದರೆ ಎದುರಾಳಿಗಳಿಗೆ ಬೆನ್ನು ಮಾಡಿ, ಅದರ ಹಿಂದೆ ಧಾವಿಸಬೇಕು. ಅವನ ಬೆನ್ನ ಹಿಂದೆ ಎರಡು ದಾಪು ದೂರದಲ್ಲಿ ತೊಂಬತ್ತು ಕಿಲೋ ತೂಕದ ಫೋರ್‌ಚೆಕರ್, ಎಂದರೆ ಪಕ್ ಕಸಿಯಲು ಬೆನ್ನಟ್ಟುವ ಎದುರಾಳಿ, ಬರುತ್ತಿರುತ್ತಾನೆ. ಪಕ್ ಮುಟ್ಟುವುದಕ್ಕೆ ಮುಂಚೆ ಅವನು ಒಂದು ಭುಜದ ಮೇಲಿಂದ, ಸಾಧ್ಯವಾದರೆ ಇನ್ನೊಂದು ಭುಜದ ಮೇಲಿಂದಲೂ ಹಿಂತಿರುಗಿ ನೋಡಬೇಕು: ಬರುತ್ತಿರುವವನು ಯಾವ ಬದಿಯಿಂದ ಬರುತ್ತಿದ್ದಾನೆ, ನನ್ನ ಜೊತೆಗಾರ ಗೋಲಿನ ಮುಂದಿದ್ದಾನೋ ಆಚೆ ಮೂಲೆಗೆ ಹೋದನೋ, ಸೆಂಟರ್ ಎಷ್ಟು ಕೆಳಗೆ ಇಳಿದಿದ್ದಾನೆ. ಪಕ್ ಕೋಲಿಗೆ ತಗಲುವ ಕ್ಷಣದಲ್ಲಿ ತೀರ್ಮಾನ ಆಗಿಯೇ ಹೋಗಿರಬೇಕು. ಒಂದು ಬದಿಗೆ ಹೋಗುವಂತೆ ಭುಜ ತಿರುಗಿಸಿ ಮೋಸ ಮಾಡಿ, ಇನ್ನೊಂದು ಬದಿಗೆ ತಿರುಗಬಹುದು. ಗೋಲಿನ ಹಿಂದಿನಿಂದ ಜೊತೆಗಾರನಿಗೆ ದಾಟಿಸಬಹುದು. ಬಂದ ದಾರಿಯಲ್ಲೇ ಬೋರ್ಡಿಗೆ (ಅಂಗಳದ ಸುತ್ತಲ ಗೋಡೆಗೆ) ಬಡಿದು ರಿವರ್ಸ್ ಮಾಡಬಹುದು. ಏನೂ ಇಲ್ಲವೆಂದರೆ ಗಾಜಿಗೆ ಹೊಡೆದು ಹೊರಹಾಕಿ ಉಸಿರು ಬಿಡಬಹುದು. ಇಷ್ಟೆಲ್ಲಕ್ಕೆ ಸಿಗುವ ಸಮಯ ಎರಡು ಸೆಕೆಂಡ್ ಇದ್ದರೆ ಹೆಚ್ಚು. ಎಳೆಯರು ಮೊದಮೊದಲು ಹಿಂತಿರುಗಿ ನೋಡುವುದನ್ನೇ ಮರೆಯುತ್ತಾರೆ, ಇಲ್ಲವೇ ನೋಡಿದರೂ ಪಕ್ ಮುಟ್ಟಿದ ಮೇಲೆ ಯೋಚಿಸತೊಡಗುತ್ತಾರೆ.

ಈ ಕೆಲಸವನ್ನು ಅಭ್ಯಾಸದ ಹೊತ್ತಿನಲ್ಲಿ ಪೂರ್ತಿಯಾಗಿ ಕಲಿಸಲಾಗದು, ಏಕೆಂದರೆ ಅಭ್ಯಾಸದಲ್ಲಿ ಯಾರೂ ತಮ್ಮವನನ್ನೇ ಬೋರ್ಡಿಗೆ ಒತ್ತಿ ಪುಡಿಮಾಡುವುದಿಲ್ಲ. ಪಂದ್ಯದಲ್ಲೇ, ಮತ್ತೆ ಮತ್ತೆ ಆಗಬೇಕು. ಎನ್‌ಎಚ್‌ಎಲ್‌ನ ಮೂರನೇ ಜೋಡಿಯಲ್ಲಿ ಹದಿಮೂರು ನಿಮಿಷ ಆಡುವವನಿಗೆ ರಾತ್ರಿಗೆ ಸಿಗುವ ಅವಕಾಶಗಳ ಒಂದೂವರೆ ಪಟ್ಟಿಗೂ ಹೆಚ್ಚು, ಗ್ರಿಫಿನ್ಸ್‌ನ ಮೊದಲ ಜೋಡಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ನಿಮಿಷ ಆಡುವವನಿಗೆ ಸಿಗುತ್ತದೆ. ಅದೂ ಎಎಚ್‌ಎಲ್‌ನಲ್ಲಿ ವಾರಾಂತ್ಯಕ್ಕೆ ಪಂದ್ಯಗಳು ಗುಂಪುಗೂಡಿ ಬರುತ್ತವೆ. ಮೂರು ರಾತ್ರಿ ಮೂರು ಪಂದ್ಯ ಬಂದಾಗ ಮೂರನೆಯ ರಾತ್ರಿ ಕಾಲು ಸೋತ ಮೇಲೆ ತಲೆ ಹೇಗೆ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಕೋಲು ಚಾಚುವ ಸೋಮಾರಿತನದ ಬಗ್ಗೆ ನೀವು ಹೇಳಿದ್ದು ನಿಜ, ಆದರೆ ಗೋಲಿನ ಹಿಂದಿನ ಆ ಮೂಲೆಯಲ್ಲಿ ಉದ್ದನೆಯ ಕೈಗಳು ಯಾರನ್ನೂ ಕಾಪಾಡುವುದಿಲ್ಲ. ಅಲ್ಲಿ ಉದ್ದ ಇರುವವನಿಗೆ ತಿರುಗಲು ಸಮಯ ಹೆಚ್ಚು ಬೇಕು.

ಹಳೇ ರೆಕ್ಕೆ:

ಗ್ಯಾಲರಿಯವರು ಹೇಳಿದ್ದಕ್ಕೆ ರಿಂಕಿನ (ಆಟದ ಅಂಗಳದ) ಅಳತೆಯನ್ನೂ ಸೇರಿಸಬೇಕು. ಯೂರೋಪಿನ ಹಳೆಯ ರಿಂಕುಗಳ ಅಗಲ 30 ಮೀಟರ್, ಇಲ್ಲಿಯದು 26ರ ಸುಮಾರು. ಎರಡೂ ಕಡೆ ಸೇರಿ ನಾಲ್ಕು ಮೀಟರ್ ಕಡಿಮೆಯಾದಾಗ ಮೂಲೆಯಿಂದ ಗೋಲಿನವರೆಗಿನ ದೂರ ಕುಗ್ಗುತ್ತದೆ, ಫೋರ್‌ಚೆಕರ್ ಬೇಗ ತಲುಪುತ್ತಾನೆ. ಅಲ್ಲಿ ಕಾದು ನೋಡಿ ಪಾಸ್ ಕೊಡುತ್ತಿದ್ದವನು ಇಲ್ಲಿ ಅಷ್ಟೇ ಕಾದರೆ ಬೋರ್ಡಿಗೆ ಅಂಟಿಕೊಳ್ಳುತ್ತಾನೆ. ಸೈಡರ್ ವಿಷಯದಲ್ಲಿ ಈ ಕ್ರಮ ವಿಚಿತ್ರವಾಗಿ ಕೂಡಿ ಬಂತು. ಹದಿನೆಂಟರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಕಿರಿದಾದ ರಿಂಕಿನಲ್ಲಿ ಪೆಟ್ಟು ತಿಂದು 49 ಪಂದ್ಯ ಆಡಿದ. ಆ ಮೇಲೆ ಕೊರೋನಾದಿಂದ ಲೀಗುಗಳು ನಿಂತಾಗ ಅವನನ್ನು ಮೊದಲು ಮಾನ್‌ಹೈಮ್‌ಗೆ ಎರವಲು ಕೊಟ್ಟರು. ಜರ್ಮನ್ ಲೀಗ್ ಶುರುವಾಗುವುದು ತಡವಾದ್ದರಿಂದ ರೋಗ್ಲೆಗೆ ಹೋದ. ಅಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್‌ಮನ್ ಎನಿಸಿಕೊಂಡು, ತಂಡವನ್ನು ಫೈನಲ್‌ಗೆ ಕರೆದೊಯ್ದವರಲ್ಲಿ ಒಬ್ಬನಾದ. ಪೆಟ್ಟು ತಿನ್ನುವ ವರ್ಷ ಮೊದಲು, ಆತ್ಮವಿಶ್ವಾಸ ಗಳಿಸುವ ವರ್ಷ ಆಮೇಲೆ. ಯಾರೂ ಹೀಗೆಯೇ ಆಗಲಿ ಎಂದು ಯೋಜಿಸಿರಲಿಲ್ಲ, ಪಿಡುಗು ಯೋಜಿಸಿತು. ಡೆಟ್ರಾಯ್ಟ್‌ಗೆ ಬಂದ ಮೊದಲ ವರ್ಷ 82 ಪಂದ್ಯಗಳಲ್ಲಿ 50 ಅಂಕ, ಕಾಲ್ಡರ್ ಟ್ರೋಫಿ.

ನೋವಿ ನಿವಾಸಿ:

ಒಟ್ಟಾವದ ಅಕ್ಕನವರಿಗೆ: ಕಾರ್ಲ್‌ಸನ್, ಹಟ್ಸನ್ ಇಬ್ಬರೂ ಪಕ್ ಹಿಡಿದು ಆಟ ಕಟ್ಟುವವರು, ಮತ್ತು ಅವರ ತಂಡಗಳು ಅವರಿಗೆ ಮೊದಲ ದಿನದಿಂದ ಅದೇ ಕೆಲಸವನ್ನು ಕೊಟ್ಟವು. ಹಟ್ಸನ್ ಬಂದದ್ದು ಕೂಡ ಎರಡು ವರ್ಷ ಕಾಲೇಜು ಆಡಿದ ಮೇಲೆಯೇ. ಕೊಲೊರಾಡೊದ ಕೇಲ್ ಮಕಾರ್ 2017ರಲ್ಲಿ 4ನೆಯವನಾಗಿ ಆಯ್ಕೆಯಾಗಿಯೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಳೆದ. ಅವರೂ ಕಾದವರೇ, ಕಾದ ಜಾಗ ಬೇರೆ.

ಇನ್ನೊಂದು ಬದಿಯ ಉದಾಹರಣೆಯನ್ನೂ ನೋಡೋಣ. ಲೂಕ್ ಶೆನ್‌ನನ್ನು ಟೊರಾಂಟೊ 2008ರಲ್ಲಿ 5ನೆಯವನಾಗಿ ಆರಿಸಿ, ಅದೇ ಋತುವಿನಲ್ಲಿ ಹದಿನೆಂಟರ ಹುಡುಗನನ್ನು 70 ಪಂದ್ಯ ಆಡಿಸಿತು. ಮೊದಲ ವರ್ಷ ಎಲ್ಲರೂ ಮೆಚ್ಚಿದರು. ನಾಲ್ಕೇ ವರ್ಷದಲ್ಲಿ ಅವನನ್ನು ಫಿಲಡೆಲ್ಫಿಯಾಗೆ ಸಾಗಹಾಕಿದರು. ಮೂವತ್ತರ ಆಸುಪಾಸಿನಲ್ಲಿ ಟ್ಯಾಂಪಾದಲ್ಲಿ ಎರಡು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್‌ನ ಅಂತಿಮ ಪ್ರಶಸ್ತಿ) ಗೆದ್ದಾಗ ಅವನು ಮಿತವಾದ, ಅಚ್ಚುಕಟ್ಟಾದ ಕೆಲಸವನ್ನು ಚೆನ್ನಾಗಿ ಮಾಡುವ ಆಟಗಾರನಾಗಿದ್ದ. ಆಟ ಇತ್ತು, ಇಪ್ಪತ್ತರಲ್ಲಿ ಅವನ ಹೆಗಲಿಗೆ ಹೊರಿಸಿದ ನಿರೀಕ್ಷೆ ಅವನ ಆಟಕ್ಕೆ ಸಂಬಂಧಿಸಿದ್ದಾಗಿರಲಿಲ್ಲ.

ಬಫಲೋದ ರಾಸ್ಮುಸ್ ಡಾಲೀನ್ ಕಥೆ ಇದಕ್ಕಿಂತ ಸೂಕ್ಷ್ಮ. 2018ರ ಮೊದಲ ಆಯ್ಕೆ, ಹದಿನೆಂಟರಲ್ಲಿ 44 ಅಂಕ, ಯಾರೂ ಬೇಗ ಕರೆಸಿದರೆಂದು ದೂರಲಿಲ್ಲ. ಆದರೆ 2020–21ರಲ್ಲಿ ತಂಡವೇ ಕುಸಿದಾಗ, ಎಚ್ಚರಿಕೆಯ ಆಟದ ಕಟ್ಟುಪಾಡಿನಲ್ಲಿ ಅವನು ಯಾರೂ ಗುರುತಿಸದಷ್ಟು ಮಂಕಾದ. ಮಾರ್ಚಿನಲ್ಲಿ ಕೋಚ್ ಬದಲಾದರು, ಮತ್ತೆ ಪಕ್ ಹಿಡಿದು ಓಡಲು ಬಿಟ್ಟರು, 2022–23ರಲ್ಲಿ 73 ಅಂಕ ಬಂತು. ಕಾಲು, ಕಣ್ಣು, ಕೈ ಎಲ್ಲವೂ ಮೊದಲಿನವೇ. ಬದಲಾದದ್ದು ಅವನಿಗೆ ಕೊಟ್ಟ ಕೆಲಸ. ನಾನು ಮೊದಲು ಬರೆದಾಗ ಹೇಳಹೊರಟದ್ದು ಇದನ್ನೇ.

ಒಟ್ಟಾವ ಕನ್ನಡತಿ:

ಡಾಲೀನ್ ವಿಷಯ ಒಪ್ಪಿದೆ. ಆದರೆ ಅದು ನನ್ನ ವಾದಕ್ಕೂ ಬಲ ಕೊಡುತ್ತದಲ್ಲವೇ? ಅವನನ್ನು ಕೆಳಗೆ ಕಳಿಸದೆ, ಮೇಲೆಯೇ ಇಟ್ಟುಕೊಂಡು ಸರಿಪಡಿಸಿದರು.

ಲೆಕ್ಕದ ಮೇಷ್ಟ್ರು:

ಡೆಟ್ರಾಯ್ಟ್‌ಗೂ ಇದೇ ಪಾಠ ಎರಡನೇ ಸಲ ಸಿಕ್ಕಿತೆಂದು ಹೇಳಬಹುದು. ಸೈಡರ್‌ನ ಎರಡನೇ ಋತುವಿನ ಆರಂಭ ಎಷ್ಟು ಮಂದವಾಗಿತ್ತೆಂದರೆ, ಕಾಲ್ಡರ್ ಟ್ರೋಫಿ ತಪ್ಪಿ ಬಂದದ್ದೇನೋ ಎಂದು ಬರೆದವರೂ ಇದ್ದರು. ಶಸ್ತ್ರಚಿಕಿತ್ಸೆ ಮುಗಿಸಿ ಜೇಕ್ ವಾಲ್ಮನ್ ತಂಡಕ್ಕೆ ಮರಳಿ ಅವನ ಪಕ್ಕದಲ್ಲಿ ನಿಂತ ಮೇಲೆ ಅದೇ ಸೈಡರ್ ಮತ್ತೆ ಆಟ ಕಂಡುಕೊಂಡು 42 ಅಂಕಗಳೊಂದಿಗೆ ಋತು ಮುಗಿಸಿದ. ವಾಲ್ಮನ್ ಹಿರಿಯ ಗುರುವೇನಲ್ಲ. ಚೆನ್ನಾಗಿ ಸ್ಕೇಟ್ ಮಾಡುತ್ತಿದ್ದ, ಪಕ್ಕನ್ನು ತಾನೂ ಹೊರತರಬಲ್ಲವನಾಗಿದ್ದ. ಅಲ್ಲಿಯವರೆಗೆ ಇಬ್ಬರ ಕೆಲಸವನ್ನೂ ಸೈಡರ್ ಒಬ್ಬನೇ ಮಾಡುತ್ತಿದ್ದ ಎಂಬುದು ಆಮೇಲೆ ತಿಳಿಯಿತು. ಆದ್ದರಿಂದ ಹಳೇ ರೆಕ್ಕೆಯವರು ಹೇಳಿದ ಮಕ್ರಿಮನ್ ಮಾದರಿಯನ್ನೇ ಎಲ್ಲರಿಗೂ ಅನ್ವಯಿಸಬಾರದು. ಮುನ್ನುಗ್ಗುವವನಿಗೆ ಹಿಂದೆ ಉಳಿಯುವವನು ಬೇಕು. ಎದುರಾಳಿಗಳ ಮೊದಲ ಸಾಲನ್ನು ಪ್ರತಿ ರಾತ್ರಿ ಎದುರಿಸುವವನಿಗೆ ಭಾರ ಹಂಚಿಕೊಳ್ಳುವವನು ಬೇಕು.

2024–25ರಲ್ಲಿ ಎಡ್ವಿನ್ಸನ್ ಕೊನೆಗೂ ಪೂರ್ಣಾವಧಿಗೆ ಬಂದಾಗ ಅವನನ್ನು ಮೂರನೇ ಜೋಡಿಯಲ್ಲಿ ಬಚ್ಚಿಡಲಿಲ್ಲ, ಸೈಡರ್ ಪಕ್ಕದಲ್ಲೇ ನಿಲ್ಲಿಸಿದರು. 78 ಪಂದ್ಯ, 31 ಅಂಕ, ಅದೂ ಎದುರಾಳಿಗಳ ಬಲವಾದ ಸಾಲುಗಳ ಮುಂದೆ. ಎರಡು ವರ್ಷ ಕೆಳಗೆ ಆಡಿಸಿದ್ದರ ಫಲವೆಂದರೆ ಇದೇ: ಬಂದ ದಿನವೇ ಕಠಿಣ ಕೆಲಸ ಒಪ್ಪಿಸಬಹುದಾಯಿತು. ಆದರೂ ಆ ಋತುವಿನಲ್ಲಿ ತಂಡ ಪ್ಲೇಆಫ್ ತಲುಪಲಿಲ್ಲ, 2016ರಿಂದ ಈಚೆಗೆ ತಲುಪಿಯೇ ಇರಲಿಲ್ಲ. ಅಭಿಮಾನಿಗಳ ತಾಳ್ಮೆ ಹುಡುಗರ ಮೇಲೆ ಕಟ್ಟೆಯೊಡೆಯುವುದು ಸಹಜ, ನ್ಯಾಯವಲ್ಲದಿದ್ದರೂ.

ಬಸವನಗುಡಿ ಬ್ಯಾಟು:

ತಮ್ಮೆಲ್ಲರಿಗೂ ವಂದನೆಗಳು. ಡೆಟ್ರಾಯ್ಟ್‌ನಲ್ಲಿ ಸಂಜೆ ಏಳಕ್ಕೆ ಪಂದ್ಯವೆಂದರೆ ಅಕ್ಟೋಬರಿನಲ್ಲಿ ನಮ್ಮಲ್ಲಿ ಬೆಳಗಿನ ನಾಲ್ಕೂವರೆ. ಅಷ್ಟು ಹೊತ್ತಿಗೆ ಎದ್ದು ಸಾಂಡಿನ್ ಪೆಲಿಕ್ಕಾನನ್ನು ನೋಡುವವನು ಏನನ್ನು ಗಮನಿಸಬೇಕು? ಗೋಲು, ಅಸಿಸ್ಟ್ ಬಿಟ್ಟು ಹೇಳಿ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗ್ಯಾಲರಿ:

ಎದುರಾಳಿಗಳು ಪಕ್ಕನ್ನು ಮೂಲೆಗೆ ಎಸೆದಾಗ ಪಕ್ಕನ್ನು ಬಿಟ್ಟು ಅವನ ತಲೆಯನ್ನು ನೋಡಿ; ಹಿಂತಿರುಗುತ್ತದೆಯೇ, ಯಾವಾಗ ತಿರುಗುತ್ತದೆ ಎಂದು. ಆಕಾರದಲ್ಲಿ ಅವನು ಎಡ್ವಿನ್ಸನ್‌ನಂಥವನಲ್ಲ, ಆರಡಿಗೂ ಸ್ವಲ್ಪ ಕಡಿಮೆ. ಆದ್ದರಿಂದ ಗೋಲಿನ ಮುಂದೆ ತಳ್ಳಾಟದಲ್ಲಿ ಗೆಲ್ಲಲಿ ಎಂದು ಅಪೇಕ್ಷಿಸಬೇಡಿ, ತಳ್ಳಾಟ ಶುರುವಾಗುವುದಕ್ಕೆ ಮುಂಚೆಯೇ ಎದುರಾಳಿಯ ಕೋಲನ್ನು ಎತ್ತಿ ಹಿಡಿಯುತ್ತಾನೆಯೇ ಎಂದು ನೋಡಿ. ಎದುರಾಳಿ ಪಕ್ ಹಿಡಿದು ಬರುವಾಗ ತನ್ನ ವಲಯದ ನೀಲಿಗೆರೆಯಲ್ಲೇ ಎದುರುಗೊಳ್ಳುತ್ತಾನೋ, ಹಿಂದಕ್ಕೆ ಹಿಂದಕ್ಕೆ ಸರಿದು ಗೋಲಿಯ ಮಡಿಲಿಗೇ ಹೋಗುತ್ತಾನೋ ಎಂಬುದರಿಂದ ಅವನ ಅಂದಿನ ಧೈರ್ಯ ತಿಳಿಯುತ್ತದೆ.

ಪಂದ್ಯದ ಕೊನೆಯ ಎರಡು ನಿಮಿಷದಲ್ಲಿ, ಒಂದು ಗೋಲಿನ ಮುನ್ನಡೆಯಿದ್ದಾಗ, ಕೋಚ್ ಟಾಡ್ ಮಕ್‌ಲೆಲನ್ ಯಾರನ್ನು ಇಳಿಸುತ್ತಾರೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಈಗ ಅಲ್ಲಿ ಅವನು ಕಾಣದಿದ್ದರೆ ಆಶ್ಚರ್ಯವಿಲ್ಲ, ಅದು ಸೈಡರ್, ಎಡ್ವಿನ್ಸನ್ ಅವರ ಹೊತ್ತು. ಅವನು ಮೊದಲ ಸಲ ಆ ಹೊತ್ತಿಗೆ ಇಳಿದ ದಿನ ಇಲ್ಲಿ ಬಂದು ಬರೆಯಿರಿ, ಒಟ್ಟಾವದ ಅಕ್ಕನ ಜೊತೆ ಉಳಿದ ವಾದವನ್ನು ಅಂದು ಮುಂದುವರಿಸೋಣ.